ಅತ್ತೆ ಅಳೆದ ಇಪ್ಪತ್ತೇಳು

ನಮ್ಮತ್ತೆ ಯಾವುದನ್ನೂ ಒಂದೇ ಸಲ ಅಳೆದು ಸುಮ್ಮನಾದವಳಲ್ಲ. ಪರದೆ ಬಟ್ಟೆಯಾಗಲಿ, ಕೆಮ್ಮಿನ ಔಷಧಿಯಾಗಲಿ, ಮೂರು ಸಲ ಅಳೆಯಬೇಕು. ಮೂರೂ ಒಂದೇ ಬಂದರೆ ಸರಿ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. "ನಿಮ್ಮತ್ತೆ ಅಳೆದೂ ಸುರಿದೂ ಮುಗಿಸೋ ಹೊತ್ತಿಗೆ ಕೆಮ್ಮು ತಾನಾಗೇ ಹೋಗಿರುತ್ತೆ" ಎನ್ನುತ್ತಾಳೆ ಅಮ್ಮ. ಬಂದ ಸಂಬಂಧಗಳನ್ನೂ ಹೀಗೇ ಅಳೆದಳಂತೆ. ಮೂರನೆಯ ಸಲದವರೆಗೆ ಕಾಯುವ ತಾಳ್ಮೆ ಯಾವ ಗಂಡಿಗೂ ಇರಲಿಲ್ಲ. ಹೀಗಾಗಿ ಅಪ್ಪನ ಅಕ್ಕ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಉಳಿದಳು.

ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅವಳು ಮೂವತ್ತೇಳು ವರ್ಷ ಕೆಲಸ ಮಾಡಿದಳು. ಉದ್ದನೆಯ ಮೇಜು, ತಲೆಯ ಮೇಲೆ ಟ್ಯೂಬ್‌ಲೈಟು, ಕೈಯಲ್ಲಿ ದಪ್ಪ ಅಳೆಯುವ ವರ್ನಿಯರ್. ಪಾಸಾದ ತುಂಡು ಹಸಿರು ತಟ್ಟೆಗೆ, ಆಗದ್ದು ಕೆಂಪು ತಟ್ಟೆಗೆ. ಯಂತ್ರದ ಕಡೆಯವರು ಬೆನ್ನ ಹಿಂದೆ ಅವಳನ್ನು 'ಕೆಂಪು ತಟ್ಟೆ' ಎಂದೇ ಕರೆಯುತ್ತಿದ್ದರಂತೆ. ಒಮ್ಮೆ ಮೇಲಧಿಕಾರಿಯೊಬ್ಬರು ಬಂದು, "ಕೂದಲೆಳೆಯಷ್ಟು ವ್ಯತ್ಯಾಸ ತಾನೆ ಮೇಡಂ, ಬಿಟ್ಬಿಡಿ" ಎಂದರಂತೆ. "ಕೂದಲೆಳೆ ವಿಷ್ಯ ನೀವು ಮಾತಾಡ್ಬೇಡಿ ಸಾರ್, ನಿಮ್ಮ ತಲೇಲೇ ದಿನಾ ಕಡಿಮೆ ಆಗ್ತಿದೆ" ಎಂದಳಂತೆ ಅತ್ತೆ. ಅವರು ಮತ್ತೆ ಆ ಮೇಜಿನ ಹತ್ತಿರ ಬರಲಿಲ್ಲ.

ಈ ಮೂರು ಸಲದ ಚಾಳಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅದರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪನಿಗೆ ರೇಸ್ ಸೈಕಲ್ಲಿನ ಹುಚ್ಚು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಬೆರಳಗಲದ ಟೈರು. ದೊಡ್ಡ ರೇಸಿಗೆ ಎಂಟು ದಿನ ಇರುವಾಗ ಅದರ ಹೆಡ್‌ಸೆಟ್ ಸವೆದುಹೋಯಿತು. ಹ್ಯಾಂಡಲ್ ತಿರುಗುವ ಕಡೆ ಮೇಲೊಂದು ಕೆಳಗೊಂದು ಬಟ್ಟಲು, ಅವುಗಳಲ್ಲಿ ಉಕ್ಕಿನ ಗುಂಡುಗಳು, ಎಲ್ಲಕ್ಕಿಂತ ಕೆಳಗೆ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೊರಳಿಗೆ ಬಿಗಿಯಾಗಿ ಕೂರುವ ಒಂದು ಉಂಗುರ. ಇವೆಲ್ಲ ಸೇರಿದ್ದು ಹೆಡ್‌ಸೆಟ್. ಆ ಉಂಗುರ ಕೂರುವ ಜಾಗ ಕೆಲವು ಸೈಕಲ್ಲಿಗೆ ಇಪ್ಪತ್ತೇಳು ಮಿಲಿಮೀಟರ್ ಇರುತ್ತದೆ, ಕೆಲವಕ್ಕೆ ಇಪ್ಪತ್ತಾರು ಪಾಯಿಂಟ್ ನಾಲ್ಕು. ನಡುವಿನ ಅಂತರ ಒಂದು ದಪ್ಪ ದಾರದಷ್ಟು. ಚಿಕ್ಕ ಉಂಗುರ ತಂದರೆ ಇಳಿಯುವುದಿಲ್ಲ, ದೊಡ್ಡದು ತಂದರೆ ಸಡಿಲವಾಗಿ ಅಲ್ಲಾಡುತ್ತದೆ.

ಆಗ ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದ ಅತ್ತೆ ಒಮ್ಮೆ ಅಳೆದು, ಇಪ್ಪತ್ತೇಳು ಎಂದು ಬರೆದುಕೊಂಡು, ಅದೇ ಅಳತೆಯ ಹೆಡ್‌ಸೆಟ್ ತಂದುಕೊಟ್ಟಳು. ಕೂರಿಸುವ ಕೆಲಸ ತನ್ನದು ಎಂದ ಅಪ್ಪ. ರೇಸಿನ ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಗಡಗಡ ನಡುಗಿ ಸೈಕಲ್ ಮಗುಚಿತು. ಬಲತೊಡೆಯ ಮೂಳೆ ಮುರಿಯಿತು. ಕೂಡಿಕೊಂಡ ಮೇಲೂ ಆ ಕಾಲು ಎರಡು ಬೆರಳು ಗಿಡ್ಡವಾಗೇ ಉಳಿಯಿತು. ಆಸ್ಪತ್ರೆಗೆ ನೋಡಲು ಬಂದ ಸೈಕಲ್ ಅಂಗಡಿಯವನು, "ಕೆಳಗಿನ ಉಂಗುರ ಲೊಡಲೊಡ ಅಂತಿತ್ತು. ಅಳತೆ ತೆಗೆದವರು ಯಾರು?" ಎಂದು ಕೇಳಿದ. ಮಂಚದ ಪಕ್ಕ ನಿಂತಿದ್ದ ಅತ್ತೆ, "ನಾನು" ಎಂದಳು.

ತಮ್ಮನ ಕಾಲು ಮುರಿದದ್ದು ತಾನೇ ಎಂದು ಆವತ್ತು ನಂಬಿದವಳು ನಲವತ್ತೊಂದು ವರ್ಷ ಹಾಗೇ ನಂಬಿದ್ದಳು. ಸೈಕಲ್ ಹಿತ್ತಲ ಶೆಡ್ಡಿನ ಗೋಡೆಗೆ ನೇತುಬಿತ್ತು. ಶೆಡ್ಡಿಗೆ ಹೋದರೆ ಅತ್ತೆ ಆ ಗೋಡೆಗೆ ಬೆನ್ನು ಹಾಕಿಯೇ ಬೇಕಾದ್ದನ್ನು ಹುಡುಕುತ್ತಿದ್ದಳು.

ಅದನ್ನು ಕೆಳಗಿಳಿಸಿದವಳು ನಾನು. ಆಫೀಸಿಗೆ ಹೋಗಲು ನನಗೊಂದು ಸೈಕಲ್ ಬೇಕಿತ್ತು, ಅಷ್ಟು ಚೆಂದದ್ದು ಗೋಡೆಗೆ ಯಾಕೆ? ಚಕ್ರ, ಚೈನು ಎಲ್ಲ ಸರಿಹೋಯಿತು. ಹ್ಯಾಂಡಲ್ ಮಾತ್ರ ಮರಳು ತುಂಬಿದಂತೆ ಕರಕರ ಎನ್ನುತ್ತಿತ್ತು. "ಅಳತೆ ತನ್ನಿ, ಅಂದಾಜಿನ ಮೇಲೆ ನಾನು ಕೊಡಲ್ಲ" ಎಂದ ಅಂಗಡಿಯವನು. ಅಪ್ಪನಿಗೆ ಹೇಳಿದರೆ ಮುಖ ಸಿಂಡರಿಸಿದ. "ಗುಜರಿಗೆ ಹಾಕು. ಅಕ್ಕನ ಕಣ್ಣಿಗೆ ಬೀಳಿಸ್ಬೇಡ." ನಾನೋ ಹಿಡಿದದ್ದು ಬಿಡುವವಳಲ್ಲ. ನೆಟ್ಟಗೆ ಮಹಡಿ ಹತ್ತಿ ಅತ್ತೆಯನ್ನೇ ಕೇಳಿದೆ.

ಅವಳು ಬೀರು ತೆಗೆದು ವರ್ನಿಯರ್ ಕೈಗೆತ್ತಿಕೊಂಡಳು.

"ನಾನೇ ಅಳೀತೀನಿ. ಈ ಸಲ ತಪ್ಪಬಾರದು. ಅದರ ಮೇಲೆ ಕೂರೋಳು ನೀನು."

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಹಳೆಯ ಪೇಪರ್ ಹಾಸಿದೆ. ಬೇಡ ಬೇಡ ಎಂದ ಅಪ್ಪನೇ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ. ಮೇಲಿನ ನಟ್ಟು ಬಿಚ್ಚಿ ಫೋರ್ಕ್ ಎಳೆದರೆ ಗುಂಡುಗಳು ಪೇಪರಿನ ಮೇಲೆಲ್ಲ ಉರುಳಿದವು. ಸುತ್ತಿಗೆಯಿಂದ ತಟ್ಟಿ ತೆಗೆಯಬೇಕಾದ ಉಂಗುರ ಬರಿಗೈಗೇ ಬಂತು. ಅತ್ತೆ ಅದನ್ನು ಪಕ್ಕಕ್ಕಿಟ್ಟು, ಸೀಮೆಎಣ್ಣೆ ಬಟ್ಟೆಯಿಂದ ಜಾಗವನ್ನು ಒರೆಸಿ, ವರ್ನಿಯರ್ ಹಚ್ಚಿದಳು. ನಾನು ಟಾರ್ಚ್ ಹಿಡಿದೆ.

ಇಪ್ಪತ್ತಾರು ಪಾಯಿಂಟ್ ನಾಲ್ಕು.

ಅತ್ತೆ ಕಣ್ಣು ಮುಚ್ಚಿಕೊಂಡಳು. ಹಾಗಾದರೆ ಅವಳು ಅಂದು ಅಳೆದ ಇಪ್ಪತ್ತೇಳು ನಿಜವಾಗಿಯೂ ತಪ್ಪು. ಇದನ್ನು ತೋರಿಸಲು ಈ ವಯಸ್ಸಿನವಳನ್ನು ಕೆಳಗೆ ಕರೆತಂದೆನಲ್ಲ ಎಂದು ನನ್ನನ್ನೇ ನಾನು ಬೈದುಕೊಂಡೆ. ಆದರೆ ಅತ್ತೆ ಅಲ್ಲಿಗೇ ಬಿಡುವವಳೇ? ಫೋರ್ಕನ್ನು ಸ್ವಲ್ಪ ತಿರುಗಿಸಿ ಮತ್ತೆ ಅಳೆದಳು. ಇಪ್ಪತ್ತಾರು ಪಾಯಿಂಟ್ ಒಂದು. ಇನ್ನೂ ಸ್ವಲ್ಪ ತಿರುಗಿಸಿದರೆ ಪಾಯಿಂಟ್ ಮೂರು. ಯಂತ್ರದಲ್ಲಿ ಕಡೆದ ಜಾಗ ಯಾವ ಕಡೆಯಿಂದ ಅಳೆದರೂ ಒಂದೇ ಬರಬೇಕು. ಅವಳು ವರ್ನಿಯರ್ ಕೆಳಗಿಟ್ಟು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆದಳು. ಉಗುರು ತಡೆಯಿತು. ನಾನೂ ಬಗ್ಗಿ ನೋಡಿದೆ. ಓರೆ ಓರೆಯಾಗಿ ಗೀರುಗಳು, ನಡುನಡುವೆ ಚಪ್ಪಟೆಯಾದ ಜಾಗ. ಯಾರೋ ಅರದಿಂದ ಉಜ್ಜಿದ್ದರು.

ಅತ್ತೆ ಪಕ್ಕದಲ್ಲಿದ್ದ ಉಂಗುರ ಎತ್ತಿ ನೋಡಿದಳು. ತೀರಾ ಹಗುರ, ಅದು ಅವಳು ತಂದುಕೊಟ್ಟದ್ದಲ್ಲ. ಅಷ್ಟು ಸಾಕಾಯಿತು ಅವಳಿಗೆ. ತಮ್ಮನ ಕಡೆ ನೋಡಿದಳು. ಅಪ್ಪ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ಎಷ್ಟು ಬಂತಕ್ಕಾ?"

"ಇಪ್ಪತ್ತಾರು ಪಾಯಿಂಟ್ ನಾಲ್ಕು. ನಾನು ಇಪ್ಪತ್ತೇಳು ಅಂದಿದ್ದೆ. ನಂದೇ ತಪ್ಪು ಕಣೋ." ಆಮೇಲೆ ನನ್ನ ಕಡೆ ತಿರುಗಿ, "ಈ ಫೋರ್ಕ್ ಬೇಡ ನಿಂಗೆ. ತುಕ್ಕು ಹಿಡಿದಿದೆ. ಬೇರೆ ಹಾಕಿಸ್ಕೋ" ಎಂದಳು.

ಗ್ರೀಸು ಒರೆಸಿದ ಫೋರ್ಕ್ ಫಳಫಳ ಹೊಳೆಯುತ್ತಿತ್ತು. ಮೂವತ್ತೇಳು ವರ್ಷದಲ್ಲಿ ಒಂದೂ ಸುಳ್ಳು ಷರಾ ಬರೆಯದ ಹೆಂಗಸು ನನ್ನ ಕಣ್ಣೆದುರಿಗೇ ಇಲ್ಲದ ತುಕ್ಕನ್ನು ಇದೆ ಎಂದಳು. ನನಗೆ ಅಳು ಬಂತು. ಟಾರ್ಚ್ ಹಿಡಿದೇ ಕೂತೆ.

"ತುಕ್ಕೆಲ್ಲಿದೆ, ತೋರ್ಸು" ಎಂದ ಅಪ್ಪ.

"ಅಷ್ಟು ದೂರಕ್ಕೆ ನಿಂಗೆ ಕಾಣ್ಸಲ್ಲ ಬಿಡು."

"ಅಕ್ಕಾ, ಅರ ಹಾಕಿದ್ದು ನಾನು."

ಅವನು ನಿಲ್ಲದೆ ಹೇಳಿದ. ಅವಳು ತಂದ ಹೆಡ್‌ಸೆಟ್ ಭಾರ ಅನ್ನಿಸಿತ್ತು. ಗೆಳೆಯನ ಬಳಿ ಹಗುರದ್ದೊಂದಿತ್ತು, ಆದರೆ ಅದು ಇಪ್ಪತ್ತಾರು ಪಾಯಿಂಟ್ ನಾಲ್ಕು. ಇವಳದ್ದನ್ನು ಅವನಿಗೆ ಕೊಟ್ಟು ಅದನ್ನು ಇಸಿದುಕೊಂಡು, ಅಕ್ಕ ಕೆಲಸಕ್ಕೆ ಹೋಗಿದ್ದಾಗ ಜಾಗವನ್ನು ಉಜ್ಜಿ ಸಣ್ಣಗೆ ಮಾಡಿದ್ದ. ಗೆದ್ದು ಬಂದ ಮೇಲೆ ಹೇಳಿದರಾಯಿತು ಅಂದುಕೊಂಡಿದ್ದ.

"ಆಸ್ಪತ್ರೇಲಿ ನೀನು 'ನಾನು' ಅಂದಾಗ್ಲೇ ಬಾಯಿ ತೆಗೀಬೇಕಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ಮಾರನೇ ದಿನಾನೂ ನಾಳೆ ಅಂದ್ಕೊಂಡೆ."

"ಯಾವ ಅರ ಹಾಕ್ದೆ?" ಎಂದಳು ಅತ್ತೆ.

"ಚಪ್ಪಟೆ ಅರ."

"ಗುಂಡಗಿರೋದಕ್ಕೆ ಚಪ್ಪಟೆ ಅರ ಹಾಕ್ತಾರೇನೋ!" ಎಂದವಳ ಧ್ವನಿ ನಡುವಿನಲ್ಲೇ ಒಡೆಯಿತು. ವರ್ನಿಯರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು. ಬಾಗಿಲಲ್ಲಿ ಕುಳಿತಿದ್ದ ಅಪ್ಪ ದಾರಿ ಬಿಟ್ಟ.

ನಾಲ್ಕು ದಿನ ಅವಳು ಕೆಳಗಿಳಿಯಲಿಲ್ಲ. ಅಮ್ಮ ಊಟ ಮೇಲಕ್ಕೇ ಒಯ್ದಳು. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ನಾನೂ ಅವನೊಂದಿಗೆ ಮಾತು ಬಿಟ್ಟೆ. ಸಂಜೆಯಾದರೆ ಅವನು ಮೆಟ್ಟಿಲ ಬುಡದಲ್ಲಿ ಕುಳಿತು ಮೇಲೆ ನೋಡುತ್ತಿದ್ದ. ಆ ಕಾಲಿಗೆ ಮಹಡಿ ಹತ್ತುವುದು ಕಷ್ಟ.

ಐದನೆಯ ದಿನ ಅತ್ತೆ ನನ್ನನ್ನು ಮೇಲೆ ಕರೆದಳು. ಕಿಟಕಿಯ ಹತ್ತಿರ ಕೂತಿದ್ದಳು, ಕಣ್ಣು ಊದಿದ್ದವು.

"ಆಗ ಅವ್ನಿಗೆ ಹತ್ತೊಂಬತ್ತು ಕಣೇ, ಹೆದರ್ಕೊಂಡಿದ್ದ. ಆ ಹುಡುಗನ್ನ ಶೆಡ್ಡಲ್ಲೇ ಹೊಟ್ಟೆಗೆ ಹಾಕ್ಕೊಂಡುಬಿಟ್ಟೆ. ಆದ್ರೆ ಆಮೇಲೆ ಮೂವತ್ತಾದ, ನಲವತ್ತಾದ, ಅರವತ್ತಾದ. ಅವನನ್ನ ಏನ್ಮಾಡ್ಲಿ ಹೇಳು?"

ನಾನು ಅವಳ ಕಾಲ ಬಳಿ ಕುಳಿತು ಮಂಡಿಯ ಮೇಲೆ ತಲೆಯಿಟ್ಟೆ. "ನಾನು ಸರಿಯಾಗೇ ಅಳೆದಿದ್ದೆ" ಎಂದಳು, ನನಗೆ ಹೇಳಿದಂತಿರಲಿಲ್ಲ. ಹೇಳುತ್ತಾ ಹೇಳುತ್ತಾ ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದಳು.

ಶನಿವಾರ ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿಕೊಂಡು ತಾನಾಗೇ ಇಳಿದು ಬಂದಳು. ಅಪ್ಪ ಗಡಬಡಿಸಿ ಎದ್ದು ನಿಂತ.

"ಹುಡುಗಿಗೆ ಬೇರೆ ಫೋರ್ಕ್ ತರ್ಬೇಕು. ಚಪ್ಪಲಿ ಹಾಕ್ಕೋ."

ಮೂವರೂ ಹೊರಟೆವು. ನಾನು ಕಂಡಂತೆ ಅತ್ತೆ ಯಾವಾಗಲೂ ಅಪ್ಪನಿಗಿಂತ ಎರಡು ಹೆಜ್ಜೆ ಹಿಂದೆ, ಅವನ ಬಲಗಡೆಗೇ ನಡೆಯುತ್ತಿದ್ದವಳು. ಎಡವಿದರೆ ಹಿಡಿಯಲು. ಆವತ್ತು ಗೇಟು ದಾಟಿದವಳೇ ಮುಂದೆ ನಡೆದಳು. ಬಟ್ಟೆ ಅಂಗಡಿ ದಾಟಿದಳು, ಅಂಚೆ ಕಚೇರಿ ದಾಟಿದಳು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ನಮಗೂ ಅವಳಿಗೂ ಒಂದು ಮಾರು ಅಂತರವಾಯಿತು, ಆಮೇಲೆ ಹತ್ತು ಮಾರು.

"ಅಕ್ಕಾ, ಸ್ವಲ್ಪ ನಿಧಾನ" ಎಂದ ಅಪ್ಪ.

"ಏನು ನಿಧಾನ? ಮದುವೆ ಮೆರವಣಿಗೇನಾ? ಅಂಗಡಿ ಬಾಗಿಲು ಹಾಕ್ತಾರೆ, ಬೇಗ ಬಾರೋ ಸುಳ್ಳಾ!" ಎಂದು ಬೀದಿಯಲ್ಲೇ ಕೂಗಿದಳು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ಅಪ್ಪ ಬಿರಬಿರನೆ ಕಾಲೆಳೆದುಕೊಂಡು ನಡೆಯತೊಡಗಿದ. ಕೆನ್ನೆಯೆಲ್ಲ ಒದ್ದೆ. ಬಿದ್ದಾನು ಎಂದು ನಾನು ತೋಳು ಹಿಡಿಯಲು ಹೋದರೆ ಕೈ ಕೊಡವಿದ.

"ಬಿಡೇ, ನಾನೇ ಬರ್ತೀನಿ. ಕೇಳಿಸ್ತಾ, ಬೈದ್ಲು! ಕಾಲು ಮುರಿದಾಗಿಂದ ಒಂದೇ ಒಂದು ದಿನಾನೂ ನನ್ನ ಬೈದಿರಲಿಲ್ಲ ಕಣೇ ಅವಳು."