ಕೆಂಡದ ಚಿತ್ರದ ಕಾವಲುಗಾರ

ಅಬುಧಾಬಿಯ ಮ್ಯೂಸಿಯಂ ಒಂದರಲ್ಲಿ ಕಾವಲುಗಾರರ ಸೂಪರ್‌ವೈಸರ್ ಆಗಿದ್ದಾಗ ಉಳ್ಳಾಲ ಕಡೆಯ ಒಬ್ಬನಿಗೆ ನಾನು ಮಾಡಿದ ಅನ್ಯಾಯವನ್ನು ಈ ವಯಸ್ಸಿನಲ್ಲಾದರೂ ಹೇಳಿಬಿಡಬೇಕು. ಮೊದಲು ಅವನು ಅದೇ ಊರಿನ ಹೊರವಲಯದ ಬನಿಯಾಸ್‌ನ ಬೇಕರಿಯಲ್ಲಿ ರೊಟ್ಟಿ ಒಲೆ ನೋಡಿಕೊಂಡಿದ್ದವನು. ಒಲೆಯ ಝಳಕ್ಕೆ ಮುಂಗೈಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಅವನು ಕಾಯುವ ಕೋಣೆಯಲ್ಲಿ ಯುರೋಪಿನ ಹಳೆಯ ಚಿತ್ರವೊಂದಿತ್ತು: ಕತ್ತಲ ಅಡುಗೆಮನೆ, ಕೆಂಡ ಊದುವ ಮುದುಕಿ, ಆ ಬೆಳಕಿನಲ್ಲಷ್ಟೇ ಕಾಣುವ ಇಬ್ಬರು ಮಕ್ಕಳ ಮುಖ.

ಚಿತ್ರಕ್ಕೆ ಬೆನ್ನು ಹಾಕಿ ಜನರನ್ನು ನೋಡಬೇಕೆಂಬುದು ಕಾವಲಿನ ನಿಯಮ. ಇವನು ಜನರಿಗೆ ಬೆನ್ನು ಹಾಕಿ, ಚಳಿ ಕಾಯಿಸುವವನಂತೆ ಅಂಗೈ ಚಾಚಿ ನಿಲ್ಲುತ್ತಿದ್ದ.

"ಏನು ಮಾರಾಯ, ಚಾ ಬಿಸಿ ಮಾಡ್ತೀಯಾ?" ಎಂದೆ.

"ಅಜ್ಜಿ ಊದುವುದು ನಿಲ್ಲಿಸಿದ್ರೆ ಮಕ್ಕಳ ಮುಖ ಖಲಾಸ್ ಸಾರ್. ಹೇಗೆ ತಿರುಗಿ ನಿಲ್ಲುವುದು?"

ಎಷ್ಟು ಸಲ ಗದರಿದರೂ ಇದೇ ಉತ್ತರ. ರೇಗಿಹೋಗಿ, ಡ್ಯೂಟಿಯಲ್ಲಿ ನಿದ್ದೆ ಮಾಡುತ್ತಾನೆಂದು ಸುಳ್ಳು ವರದಿ ಬರೆದೆ. "ಸಂಬಳ ಬೇಕಾದ್ರೆ ಹಿಡೀರಿ, ಆ ರೂಮು ಮಾತ್ರ ತಪ್ಪಿಸಬೇಡಿ" ಎಂದು ಅಂಗಲಾಚಿದ. ಮರುದಿನವೇ ಅವನನ್ನು ದುಬೈ ಕಡೆಯ ಜೆಬೆಲ್ ಅಲಿಯ ಗೋದಾಮಿಗೆ ಕಳಿಸಿದರು.

ಬದಲಿ ಆಳು ಬರದೆ ಆ ಕೋಣೆಯಲ್ಲಿ ನಾನೇ ನಿಂತೆ, ನಿಯಮದಂತೆ ಚಿತ್ರಕ್ಕೆ ಬೆನ್ನು ಹಾಕಿ. ಹತ್ತು ನಿಮಿಷವೂ ತಡೆಯಲಾಗಲಿಲ್ಲ, ತಿರುಗಿದೆ. ಮಕ್ಕಳ ಕೆನ್ನೆ ಆಗಷ್ಟೇ ಕೆಂಪೇರಿದಂತಿತ್ತು. ಹಿಂದೆ ಯಾರೋ "ಎಕ್ಸ್‌ಕ್ಯೂಸ್ ಮಿ" ಎಂದರು. ಕಣ್ಣು ಕೀಳಲು ನನಗೆ ಧೈರ್ಯವಾಗಲಿಲ್ಲ.