ಹೆಬ್ಬೆರಳ ಉಗುರಿನ ಮೇಲಿನ ಹನಿ

ಅವರ ಎಡಗೈ ಹೆಬ್ಬೆರಳ ಉಗುರಿನ ಮೇಲೆ ಯಾವಾಗಲೂ ಒಂದು ಬಿಳಿ ಕಲೆ ಒಣಗಿರುತ್ತಿತ್ತು. ಎಲೆಅಡಿಕೆಯ ಸುಣ್ಣವೆಂದೇ ನಾನು ಮೊದಲು ತಿಳಿದಿದ್ದೆ. ಅದು ಔಷಧ. ಯಾರ ಕಣ್ಣಿಗೇ ಹನಿ ಬಿಡಲಿ, ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮೊದಲ ಹನಿಯನ್ನು ತಮ್ಮ ಉಗುರಿನ ಮೇಲೆ ಬಿಟ್ಟುಕೊಂಡು ಕಿಟಕಿಯ ಬೆಳಕಿಗೆ ನೋಡುತ್ತಿದ್ದರು. ಎರಡನೆಯದು ರೋಗಿಗೆ. "ಬಾಟ್ಲಿ ಮ್ಯಾಲಿನ ಚೀಟಿ ನಂಬಬ್ಯಾಡ, ಒಳಗಿಂದು ನೋಡು" ಎನ್ನುತ್ತಿದ್ದರು. ಆ ಉಗುರು ನೆನಪಾದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಅವರು ನೇತ್ರ ಸಹಾಯಕರು. ಕೊಟ್ಟೂರಿನಿಂದ ಚಿಗಟೇರಿಯವರೆಗೆ ಎಲ್ಲರ ಬಾಯಲ್ಲೂ 'ಕಣ್ಣಿನ ಸರ್'. ಎರಡು ಸಾವಿರದ ಇಸವಿಯ ಆಸುಪಾಸು ಅದು. ನಮ್ಮ ಕಡೆಯ ಹೊಲಗಳೆಲ್ಲ ಮೆಕ್ಕೆಜೋಳಕ್ಕೆ ತಿರುಗಿದ್ದವು. ಸುಗ್ಗಿ ಬಂತೆಂದರೆ ಕಣ್ಣಿಗೆ ಗರಿ ಬಡಿದವರು, ಮಷಿನ್ನಿನ ಹೊಟ್ಟು ಸಿಡಿದವರು ಬೆಂಚಿನ ತುಂಬ ಕೂತಿರುತ್ತಿದ್ದರು. ಗಾಯ ಹುಣ್ಣಾಗಿ, ಹುಣ್ಣಿನಲ್ಲಿ ಬೂಷ್ಟು ಬೆಳೆದು, ಕೊನೆಗೆ ಕರಿಗುಡ್ಡೆ ಬೆಳ್ಳಗಾಗಿ ಕಣ್ಣಿಗೆ ಹೂ ಬೀಳುತ್ತಿತ್ತು.

ನಮ್ಮವ್ವನಿಗೂ ಹಾಗೇ ಆಯಿತು. ಹೊಟ್ಟು ಸಿಡಿದ ದಿನ ಪಕ್ಕದ ಮನೆಯ ಅಜ್ಜಿ ನಾಲಿಗೆಯ ತುದಿಯಿಂದ ಕಸ ತೆಗೆದಳು. ನಮ್ಮೂರಲ್ಲಿ ಅದೇ ರೂಢಿ. ಮರುದಿನ ಕಣ್ಣು ಕೆಂಡವಾಯಿತು. ಬಿಎಸ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದ ನಾನೇ ಬಸ್ ಸ್ಟ್ಯಾಂಡಿನ ಮೆಡಿಕಲ್ ಷಾಪಿಗೆ ಓಡಿದೆ. ಅಂಗಡಿಯವ ಕೇಳಿದ್ದೂ ಇಲ್ಲ, ನೋಡಿದ್ದೂ ಇಲ್ಲ, ಒಂದು ಬಾಟಲಿ ಮುಂದೆ ತಳ್ಳಿದ. "ಎರಡು ದಿನದಾಗ ಬೆಳ್ಳಗಾಗ್ತೈತಿ ನೋಡು."

ಆಯಿತು ಕೂಡ. ಅವ್ವ ಹೊಲಕ್ಕೆ ಹೋದಳು. ಅದು ಸ್ಟೀರಾಯ್ಡ್ ಹನಿ. ಮೇಲಿನ ಕೆಂಪನ್ನು ಅಳಿಸುತ್ತದೆ, ಒಳಗೆ ಬೂಷ್ಟಿಗೆ ಹಾದಿ ಬಿಟ್ಟುಕೊಡುತ್ತದೆ. ಕಣ್ಣಿನ ಸರ್ ಹತ್ತಿರ ಬರುವ ಹೊತ್ತಿಗೆ ಕರಿಗುಡ್ಡೆಯ ತುಂಬ ಬಿಳುಪು ಹರಡಿ, ಆ ಕಣ್ಣು ಹೋಗಿತ್ತು.

ಅವರು ನನ್ನನ್ನು ಬೈಯಲಿಲ್ಲ. ನನ್ನ ಕೈಯಿಂದ ಅರೆಖಾಲಿ ಬಾಟಲಿ ತೆಗೆದುಕೊಂಡು, ಪ್ಲಾಸ್ಟರ್ ಪಟ್ಟಿ ಅಂಟಿಸಿ, ಅದರ ಮೇಲೆ ರೋಗಿಯ ನಂಬರು, ಕೊಟ್ಟವರ ಹೆಸರು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಡಬ್ಬಿಯಲ್ಲಿ ಅಂಥವು ಬಹಳ ಇದ್ದವು. ದಾವಣಗೆರೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರಮ್ಮ ಒಬ್ಬರು ಈ ಹುಣ್ಣುಗಳ ಮೇಲೆ ಸಂಶೋಧನೆ ನಡೆಸಿದ್ದರು. ಹುಣ್ಣಿನ ಅಂಚನ್ನು ಹಗುರಾಗಿ ಕೆರೆದು, ಗಾಜಿಗೆ ಹಚ್ಚಿ, ಯಾವ ಬೂಷ್ಟೆಂದು ನೋಡುವುದು; ಯಾವ ಔಷಧಕ್ಕೆ ಎಷ್ಟು ದಿನದಲ್ಲಿ ಮಾಯುತ್ತದೆ, ಬರುವ ಮುಂಚೆ ರೋಗಿ ಏನು ಹಾಕಿಕೊಂಡಿದ್ದ ಎಂದು ಬರೆದಿಡುವುದು. "ಅತ್ತು ಏನ್ ಮಾಡ್ತೀಯಲೇ ಬಿಎಸ್ಸಿ? ಬಾ, ಬರಿ" ಎಂದು ಸರ್ ನನ್ನನ್ನು ಫಾರಂ ತುಂಬುವ ಕೆಲಸಕ್ಕೆ ಹಚ್ಚಿದರು.

ಫಾರಂ ಮೇಲೆ ಫಾರಂ ತುಂಬಿದೆ. 'ಕೊಟ್ಟವರು' ಎಂಬ ಸಾಲಿನಲ್ಲಿ ಅದೇ ಅಂಗಡಿ ಮತ್ತೆ ಮತ್ತೆ ಬಂತು. ಸರ್ ಎರಡು ಸಲ ಹೋಗಿ ಹೇಳಿ ಬಂದರು. "ಕೆಂಪು ಹೋತಿಲ್ರಿ? ಮತ್ತೇನ್ ಬೇಕು ಜನಕ್ಕ?" ಎಂದು ಅವನು ನಕ್ಕನಂತೆ. ಸೋಮವಾರ ಕೊಟ್ಟೂರೇಶ್ವರನ ಮುಂದೆ ನಿಂತು ಉಳಿದವರು ಮಳೆ ಬೇಡಿದರೆ, ಮಕ್ಕಳು ಬೇಡಿದರೆ, ನಾನು ಅವನ ಒಂದು ಕಣ್ಣು ಬೇಡುತ್ತಿದ್ದೆ.

ಬೇಡಿದ್ದು ಸಿಕ್ಕಿತು. ಮುಂದಿನ ಸುಗ್ಗಿಯಲ್ಲಿ, ತನ್ನದೇ ಹೊಲದ ಹೊಟ್ಟು ಸಿಡಿದು, ತನ್ನದೇ ಅಂಗಡಿಯ ಹನಿ ಹಾಕಿಕೊಂಡು, ಅವನು ಟವೆಲಿನಿಂದ ಕಣ್ಣು ಮುಚ್ಚಿಕೊಂಡು ಬಂದ. ಡಾಕ್ಟರಮ್ಮ ಕೆರೆದು ನೋಡಿ ಬೂಷ್ಟೇ ಎಂದರು. "ಇನ್ನೂ ಉಳಿಸಬಹುದು. ಇವತ್ತೇ ಶುರು ಮಾಡಿ" ಎಂದು ಬೇರೆ ಕೋಣೆಗೆ ಹೋದರು.

ಬಾಟಲಿಗಳಿಗೆ ಸಂಶೋಧನೆಯ ನಂಬರಿನ ಚೀಟಿ ಅಂಟಿಸುವವನು ನಾನು. ಡಬ್ಬಿಯಿಂದ ಅವ್ವನ ಬಾಟಲಿ ತೆಗೆದೆ. ಪ್ಲಾಸ್ಟರ್ ಕಿತ್ತೆ. ಅವನ ನಂಬರು ಅಂಟಿಸಿ ತಟ್ಟೆಯಲ್ಲಿಟ್ಟೆ. ಕೈ ಒಂಚೂರೂ ನಡುಗಲಿಲ್ಲ. ಆಮೇಲಿನ ವರ್ಷಗಳಲ್ಲಿ ನನ್ನನ್ನು ಹೆದರಿಸಿದ್ದು ಅದೇ.

ಸರ್ ಬಾಟಲಿ ಎತ್ತಿಕೊಂಡರು. ಅಲ್ಲಾಡಿಸಿದರು. ಮೊದಲ ಹನಿ ಉಗುರಿನ ಮೇಲೆ. ಬೂಷ್ಟಿನ ಔಷಧ ಹಾಲಿನಂತೆ ಬೆಳ್ಳಗಿರುತ್ತದೆ. ಇದು ನೀರಿನಷ್ಟು ತಿಳಿ. ಅವರು ಉಗುರು ನೋಡಿದರು, ನನ್ನ ಮುಖ ನೋಡಿದರು. ಕೆಳಗೆ ಅವನು ಕಣ್ಣು ಅಗಲಿಸಿ, ಬಾಯಿ ತೆರೆದುಕೊಂಡು ಕಾಯುತ್ತಿದ್ದ.

"ಒಂದು ನಿಮಿಷ ಕುಂದರ್ರಿ ಸಾವ್ಕಾರ್ರ" ಎಂದು ಅವನಿಗೆ ಹೇಳಿ ನನ್ನನ್ನು ಹೊರಗೆ ಕರೆದೊಯ್ದರು.

"ನೀವು ಎರಡು ಸರ್ತಿ ಹೇಳಿದ್ರೂ ಅವ ಬಿಡ್ಲಿಲ್ಲಲ್ರಿ ಸರ್" ಎಂದೆ.

"ಬಿಡ್ಲಿಲ್ಲ. ಸೊಕ್ಕು. ಆದ್ರ ಅವ ಅದನ್ನ ಔಷಧ ಅಂತ ಕೊಟ್ಟ. ನೀ ವಿಷ ಅಂತ ಗೊತ್ತಿದ್ದು ಕೊಡ್ತಿದ್ದಿ." ಉಗುರನ್ನು ಅಂಗಿಗೆ ಒರೆಸಿಕೊಂಡರು. "ಸೇಡು ಬೇಕೇನು? ನಂಗೂ ಬೇಕಲೇ. ಆ ಡಬ್ಬಿ ಮತ್ಯಾಕ ತುಂಬೀನಿ? ಪೆನ್ನು ತಗೊಂಬಾ."

ಸರಿಯಾದ ಹನಿ ಹಾಕಿದ ಮೇಲೆ ಅವನನ್ನು ಕೈಹಿಡಿದು ಹೊರಗಿನ ಬೆಂಚಿಗೆ ತಂದು, ಅವನ ಗಿರಾಕಿಗಳ ನಡುವೆಯೇ ಕೂರಿಸಿದರು. ಎಲ್ಲರಿಗೂ ಒಳಗೆ ಮೆಲ್ಲಗೆ ಕೇಳುವ ಪ್ರಶ್ನೆಯನ್ನು ಅಲ್ಲಿ ನಿಂತು ಜೋರಾಗಿ ಕೇಳಿದರು.

"ಬರೋ ಮುಂಚೆ ಕಣ್ಣಿಗೆ ಏನ್ ಹಾಕ್ಕೊಂಡ್ರಿ?"

ಅವನು ಹನಿಯ ಹೆಸರು ಗೊಣಗಿದ.

"ಕೊಟ್ಟವ್ರು ಯಾರು?"

ಅವನು ಟವೆಲನ್ನು ಮುಖದ ಮೇಲೆ ಎಳೆದುಕೊಂಡ. ಕಣ್ಣಿಗೆ ಹತ್ತಿ ಅಂಟಿಸಿಕೊಂಡಿದ್ದ ಮುದುಕಿಯೊಬ್ಬಳು ಬಾಗಿ ಅವನ ಮುಖ ನೋಡಿದಳು. "ಹೇಳಪ್ಪಾ ಸಾವ್ಕಾರ. ನಂಗ ಕೊಡುವಾಗ ಬಾಯಿ ಚಲೋ ಓಡ್ತಿತ್ತಲ್ಲ!"

"ಬೋರ್ಡಿನ ಮ್ಯಾಲೆ ಹೆಂಗೈತೋ ಹಂಗ ಹೇಳ್ರಿ, ಹುಡುಗ ಬರ್ಕೊಂತಾನ" ಎಂದರು ಸರ್.

ಅವನು ತನ್ನ ಅಂಗಡಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದ. ನಾನು ಬರೆದೆ. ಅವನೇ ಕೆಳಗೆ ರುಜು ಹಾಕಿದ. ಆ ಹಾಳೆ, ಅದರ ಹಿಂದಿನ ಎಲ್ಲ ಹಾಳೆಗಳೂ ಡಾಕ್ಟರಮ್ಮನ ಮೂಲಕ ಔಷಧ ನಿಯಂತ್ರಣದವರಿಗೆ ಹೋದವು. ಅಂಗಡಿಗೆ ಬೀಗ ಬಿತ್ತು. ಕಣ್ಣು ಉಳಿಯಿತು.

"ಅವನ ಕಣ್ಣು ಉಳೀತಂತ?" ಎಂದು ಅವ್ವ ಕೇಳಿದಳು. ಹೂಂ ಎಂದೆ. "ಉಳೀಲಿ. ಸಂತಿಗೆ ಹೋದಾಗೆಲ್ಲ ನನ್ನ ಮುಖ ನೋಡ್ಲಿ."

ನೋಡಬೇಕಾಗಿ ಬಂದಾಗೆಲ್ಲ ಅವನು ಆಚೆ ತಿರುಗುತ್ತಿದ್ದ. ನಾನು ಅವನನ್ನು ಕ್ಷಮಿಸಿಲ್ಲ.

ಕಣ್ಣಿನ ಸರ್ ನಿವೃತ್ತರಾಗಿ ಹಡಗಲಿಗೆ ಹೋದರು, ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿದ್ದಾಗ ಅವರ ಮನೆಯವರು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿಟ್ಟರು. "ಬಿಎಸ್ಸಿಗೆ ಕೊಡು ಅಂದಿದ್ರು." ಬಸ್ಸಿನಲ್ಲಿ ಕೂತು ತೆರೆದೆ. ಪ್ರತಿ ಪಟ್ಟಿಯ ಮೇಲೂ ನಂಬರು, ಕೊಟ್ಟವರ ಹೆಸರು. ಎಲ್ಲದರ ಕೆಳಗೆ ಅವ್ವನ ಬಾಟಲಿ ಇತ್ತು. ನಾನು ಕಿತ್ತಿದ್ದ ಪಟ್ಟಿಯ ಜಾಗದಲ್ಲಿ ಸರ್ ಹೊಸದು ಅಂಟಿಸಿದ್ದರು. ಅವ್ವನ ನಂಬರು, ಅಂಗಡಿಯ ಹೆಸರು. ಅದರ ಕೆಳಗೆ ಇನ್ನೊಂದು ಸಾಲು, ಅಂಗಡಿಯವನ ನಂಬರು, ನನ್ನ ಹೆಸರು. ಹೆಸರಿನ ಮುಂದೆ ಒಂದೇ ಮಾತು ಬರೆದಿದ್ದರು:

'ಕೊಟ್ಟಿಲ್ಲ.'