ಲಿಂಗಕ್ಕೆ ಕಾಸಿದ ನೀರು

ಹೈದರಾಬಾದಿನ ಕಾಲೇಜಿನಿಂದ ರಜೆಗೆಂದು ವಾಡಿಯ ಗಾಡಿ ಹತ್ತಿ ಸೇಡಂನಲ್ಲಿ ಇಳಿದಾಗ ಊರಲ್ಲಿ ಕಾಲರಾ ಹಬ್ಬಿತ್ತು. ಹೊಳೆದಂಡೆಯ ಅಂಬಿಗರ ಓಣಿಯಲ್ಲಿ ಆಗಲೇ ಸಾವಾಗಿದ್ದವು. ಮನೆಗೆ ಬಂದರೆ ಅವ್ವ ಪೂಜೆಗೆ ಕೂತಿದ್ದಳು. ಎಡ ಅಂಗೈಯ ಲಿಂಗದ ಮೇಲೆ ಎರೆದ ಕಾಗಿಣಾ ಹೊಳೆಯ ನೀರನ್ನು ಬಟ್ಟಲಲ್ಲಿ ಹಿಡಿದು ಇನ್ನೇನು ಕುಡಿಯುವವಳಿದ್ದಳು. ಓಡಿಹೋಗಿ ಕೈ ಹಿಡಿದೆ. ನೀರು ನೆಲದ ಪರಸಿಕಲ್ಲಿನ ಮೇಲೆ ಚೆಲ್ಲಿತು. ಈಗಲೂ ಕಣ್ಣು ಮುಚ್ಚಿದರೆ ಅದೇ ಕ್ಷಣ. ಒಂದೊಂದು ಸಲ ನಾನು ತಲುಪುವುದೇ ಇಲ್ಲ, ಆಕೆ ಕುಡಿದುಬಿಡುತ್ತಾಳೆ.

"ಹುಚ್ಚು ಹಿಡದದೇನೋ ನಿನಗ?"

"ಅವ್ವಾ, ಹೊಳಿ ನೀರಾಗ ರೋಗದ ಹುಳ ಇರ್ತಾವ, ಕಾಸಿದ್ರ ಸಾಯ್ತಾವ. ಖುರ್ದಬೀನಿನಾಗ ನಾನೇ ನೋಡೀನಿ."

"ದುರ್ಬೀನಿನಾಗ ಚುಕ್ಕಿ ನೋಡ್ತಾರಲ್ಲೋ?"

"ದೂರದ್ದು ನೋಡೋದು ದುರ್ಬೀನು. ಸಣ್ಣದು ನೋಡೋದು ಖುರ್ದಬೀನು."

"ಹುಳ ನೋಡ್ಲಿಕ್ಕ ಅಷ್ಟು ದೂರ ಹೋಗಿದ್ದೇನಪ್ಪಾ? ನಮ್ಮ ಜೋಳದ ಹಗೇವಿನಾಗ ಬೇಕಾದಷ್ಟು ಅದಾವ." ನಕ್ಕು, ಒದ್ದೆ ಅರಿವೆ ತೋರಿಸಿದಳು. "ನಾ ಸೋಸೇ ತಂದೀನಿ."

ಹುಳ ಎಂದ ಮೇಲೆ ಅರಿವೆಯಲ್ಲಿ ಸಿಗಲೇಬೇಕು ಎಂಬುದು ಆಕೆಯ ಲೆಕ್ಕ. ಲಿಂಗಕ್ಕೆರೆದ ನೀರು ಕುಡಿಯದೆ ಆಕೆ ರೊಟ್ಟಿ ಮುಟ್ಟುವವಳಲ್ಲ. ಕಾಸಿದ ನೀರು ಪೂಜೆಗೆ ಬರುತ್ತದೆಂದು ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ.

"ಎಷ್ಟು ಸಣ್ಣದೋ ಅದು?" ಎಂದಳು.

"ಆಕಾಶದ ಮುಂದ ನೀ ಎಷ್ಟು ಸಣ್ಣಕಿಯೋ, ನಿನ್ನ ಮುಂದ ಅದು ಅಷ್ಟು ಸಣ್ಣದವ್ವಾ."

ಅವ್ವ ಅಂಗೈಯ ಲಿಂಗವನ್ನು ನೋಡಿದಳು.

"ಅಷ್ಟು ದೊಡ್ಡದು ಇಲ್ಲಿ ಕುಂತದಂತ ದಿನಾ ನಂಬ್ತೀನಿ. ಅಷ್ಟು ಸಣ್ಣದು ನೀರಾಗದ ಅಂದ್ರ ನಂಬಲಿಕ್ಕ ನನಗೇನು ಧಾಡಿ?" ಎಂದು ಎದ್ದಳು. "ಕಾಸ್ತೀನಿ. ಆದ್ರ ಆರಿಸಿ ಎರೀತೀನಿ. ಲಿಂಗಕ್ಕ ಸುಡಬಾರ್ದು."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಬಿಡಲಿಲ್ಲ. "ಅಯ್ಯ ಅಕ್ಕಾ, ದೇವರಿಗೂ ಚಹಾ ಮಾಡ್ಲಿಕತ್ತೀಯೇನು?"

"ಕಣ್ಣಿಗಿ ಕಾಣದ ಬೀಗರು ಬಂದಾರವ್ವ. ಅವರಿಗಿ ಬಿಸಿನೀರು."

ಆರಿಸಿದ ನೀರನ್ನು ಲಿಂಗಕ್ಕೆರೆದು, ಪಕ್ಕದ ಮನೆಯಾಕೆಯ ಎದುರಿಗೇ ಕುಡಿದಳು. ರೊಟ್ಟಿ ತಿಂದ ಮೇಲೆ ಸೆರಗು ಬಿಗಿದು ಅಂಬಿಗರ ಓಣಿಗೆ ನಡೆದಳು. ನಾನು ಹಿಂದೆ ಹೋದೆ. ಅಲ್ಲಿ ಹಿಂದಿನ ದಿನವಷ್ಟೇ ಸೊಸೆಯನ್ನು ಕಳಕೊಂಡ ಮುದುಕಿಯೊಬ್ಬಳು, ಲಿಂಗಕ್ಕೂ ಕಾಸಿದ ನೀರೇ ಎರೆದೆನೆಂಬ ಅವ್ವನ ಮಾತು ಕೇಳಿ, "ನಿಮ್ಮ ಲಿಂಗಕ್ಕ ನಡೀತದಂದ್ರ ನಮಗ್ಯಾಕ ನಡ್ಯಂಗಿಲ್ರೀ?" ಎಂದು ತಾನೇ ಒಲೆ ಊದಲು ಕೂತಳು.

ಆಮೇಲೆ ಆ ಓಣಿಯಿಂದಾಗಲಿ ನಮ್ಮ ಓಣಿಯಿಂದಾಗಲಿ ಯಾರನ್ನೂ ಹೊತ್ತೊಯ್ಯಲಿಲ್ಲ. ಖುರ್ದಬೀನಿಗೆ ಕಣ್ಣಿಟ್ಟವನು ಅಲ್ಲಿ ನಾನೊಬ್ಬನೇ. ನೋಡದೆಯೇ ನೀರು ಕಾಸಿದವರು ಅವರು. ನಾನು ಅವರ ಪೈಕಿಯವನು ಎಂದು ಹೇಳುವಾಗ ನನ್ನ ದನಿ ನಡುಗುವುದಿಲ್ಲ.